ಆನೆ ಹೋದ ಮೇಲೂ ಹೋಗದ ಭಯ

ಸಕಲೇಶಪುರ, ಆಲೂರು ಸೀಮೆಯಲ್ಲಿ ಆನೆ ಎಲ್ಲಿದೆ ಎಂದು ಫೋನು ಹೇಳುತ್ತದೆ. ಆನೆಗೆ ಹೆದರಿ ನಿದ್ದೆಗೆಟ್ಟ ಮನೆ ಎಲ್ಲಿದೆ ಎಂದು ಹೇಳುವವರಿಲ್ಲ. ಬೆಳೆಗೆ ಪರಿಹಾರವಿದೆ, ಜೀವಕ್ಕೂ ಇದೆ. ಮನಸ್ಸಿಗೆ? ಅದಕ್ಕೂ ದಾರಿಯಿದೆ, ಊರಿನವರೇ ಕಲಿಯಬೇಕಷ್ಟೆ.

ಬೆಳಗಿನ ಆರೂವರೆ. ಯಸಳೂರು ಕಡೆಯ ಒಂದು ಕಾಫಿ ತೋಟದ ಗೇಟಿನ ಮುಂದೆ ಪಿಕಪ್ ನಿಂತಿದೆ. ಹಿಂದೆ ಹತ್ತು ಹನ್ನೆರಡು ಹೆಂಗಸರು. ಸೊಂಟಕ್ಕೆ ಕಟ್ಟಿದ ಚೀಲ, ತಲೆಗೆ ಬಿಗಿದ ಟವೆಲ್ಲು. ಚಾಲಕನ ಫೋನಿಗೆ ಆಗಷ್ಟೇ ಸಂದೇಶ ಬಂದಿದೆ: ಗುಂಪು ಪಕ್ಕದ ತೋಟದಲ್ಲಿದೆ, ಮರಿಗಳೂ ಇವೆ, ಯಾರೂ ಒಳಗೆ ಹೋಗಬೇಡಿ.

ಎಂಜಿನ್ ಆಫ್ ಆಗುತ್ತದೆ. ಮಾತೂ ನಿಲ್ಲುತ್ತದೆ. ಮಂಜಿನೊಳಗೆ ಎಲ್ಲೋ ಬೈನೆ ಮರ ಸೀಳಿದ ಸದ್ದು. ಒಬ್ಬಾಕೆ ಮನೆಗೆ ಫೋನು ಹಚ್ಚಿ, ಮಗನನ್ನು ಒಬ್ಬನೇ ಶಾಲೆಗೆ ಕಳಿಸಬೇಡಿ ಎನ್ನುತ್ತಾಳೆ. ಎಂಟೂವರೆಗೆ ತೋಟದ ಹಾಜರಿ ಹಾಕುವ ರೈಟರು ಬಂದು, "ಗುಂಪು ದಾಟ್ತು, ಇಳೀರಿ" ಅಂದ ಮೇಲೆ ಕೆಲಸ ಶುರು. ಕೈ ಗಿಡದ ಮೇಲೆ, ಕಿವಿ ಮಾತ್ರ ಸಂಜೆಯ ತನಕ ಕಾಡಿನ ಕಡೆ.

ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಕುಯ್ಲಿನ ಕಾಲದ ಬೆಳಗು ಹೀಗೆ ಆಗುವುದು ಅಪರೂಪವೇನಲ್ಲ.

ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. 1992ರಿಂದ ಪ್ರತಿವರ್ಷ ಬರುತ್ತದೆ. ಜಾಥಾ, ಬ್ಯಾನರ್, ಭಾಷಣ, ಲಘು ಉಪಾಹಾರದೊಂದಿಗೆ ಮುಗಿಯುತ್ತದೆ. ಈ ಸೀಮೆಯ ಮಟ್ಟಿಗೆ ಆ ದಿನ ಬರುವ ಹೊತ್ತು ಮಾತ್ರ ಬಹಳ ಸರಿಯಾಗಿದೆ. ಅಲ್ಲಿಂದ ಒಂದೆರಡು ತಿಂಗಳಲ್ಲಿ ಗದ್ದೆಯಲ್ಲಿ ಭತ್ತ ಬಲಿಯುತ್ತದೆ, ತೋಟದಲ್ಲಿ ಅರೇಬಿಕಾ ಕೆಂಪಾಗುತ್ತದೆ. ಕೆಲಸಕ್ಕೆ ಜನ ಹೆಚ್ಚುತ್ತಾರೆ, ಅದೇ ಹೊತ್ತಿಗೆ ಗದ್ದೆಗೆ ಆನೆಯೂ ಇಳಿಯುತ್ತದೆ. ವರ್ಷದ ದುಡಿಮೆ ಕೈಗೆ ಬರುವ ಕಾಲವೂ ಇದೇ, ಎದೆ ಹೊಡೆದುಕೊಳ್ಳುವ ಕಾಲವೂ ಇದೇ.

ಹೆಸರಿಟ್ಟು ಕರೆಯುವಷ್ಟು ಹತ್ತಿರ

ಈ ಭಾಗದ ಮಕ್ಕಳಿಗೆ ಆನೆಗಳ ಹೆಸರು ಬಾಯಿಪಾಠ. ಭೀಮ, ಕ್ಯಾಪ್ಟನ್, ಕರಡಿ, ಭುವನೇಶ್ವರಿ ಗುಂಪು, ಬೀಟಮ್ಮನ ಗುಂಪು. ಯಾವುದು ಸಾಧು, ಯಾವುದು ಅಟ್ಟಿಸಿಕೊಂಡು ಬರುತ್ತದೆ ಎಂಬುದೂ ಗೊತ್ತು.

ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಮುಳುಗಿದ ಊರುಗಳ ಜನ ಬೇರೆ ಕಡೆ ನೆಲೆ ಹುಡುಕಿದರು. ಕಾಡು ತುಂಡಾಯಿತು, ಆನೆಯ ದಾರಿಗೂ ತೋಟ, ಗದ್ದೆ, ರಸ್ತೆ ಅಡ್ಡ ಬಂದವು. ರಾಮನ್ ಸುಕುಮಾರ್ ನೇತೃತ್ವದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ಹೈಕೋರ್ಟಿಗೆ ಕೊಟ್ಟ ವರದಿಯಲ್ಲಿ ಆಲೂರು–ಸಕಲೇಶಪುರದ ಆನೆಗಳನ್ನು ಹಿಡಿದು ಸಾಗಿಸಬೇಕೆಂದು ಹೇಳಿತು. ಮುಂದಿನ ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದರು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು.

2023 ಇಲ್ಲಿನವರು ಮರೆಯಲಾರದ ವರ್ಷ. ಆಗಸ್ಟ್ 31ರಂದು ಆಲೂರು ತಾಲ್ಲೂಕಿನ ಹಳ್ಳಿಯೂರು ಬಳಿ ಗಾಯಗೊಂಡ ಭೀಮನಿಗೆ ಚಿಕಿತ್ಸೆ ಕೊಡಲು ಅರಿವಳಿಕೆ ಹಾರಿಸಿದ 'ಆನೆ ವೆಂಕಟೇಶ್' ಅದೇ ಆನೆಯ ದಾಳಿಗೆ ಬಲಿಯಾದರು. ಡಿಸೆಂಬರ್ 4ರಂದು ಯಸಳೂರು ವಲಯದ ಕಾಡಿನಲ್ಲಿ, ಎಂಟು ಬಾರಿ ಮೈಸೂರು ದಸರೆಯ ಅಂಬಾರಿ ಹೊತ್ತ ಅರ್ಜುನ ಕಾಡಾನೆಯೊಂದಿಗೆ ಕಾದಾಡಿ ಸತ್ತ. ಅವನನ್ನು ಮಣ್ಣು ಮಾಡುವಾಗ ಮಾವುತ ಬಿಕ್ಕಿ ಬಿಕ್ಕಿ ಅತ್ತದ್ದನ್ನು ಇಡೀ ರಾಜ್ಯ ಟಿವಿಯಲ್ಲಿ ನೋಡಿತು.

ಆನೆಗಾಗಿ ಊರೆಲ್ಲ ಅಳಬಹುದು, ತಪ್ಪಿಲ್ಲ. ಆದರೆ ಇದೇ ತೋಟಗಳ ಕಾಲುದಾರಿಯಲ್ಲಿ ಗಂಡನನ್ನೋ ತಂದೆಯನ್ನೋ ಕಳೆದುಕೊಂಡ ಮನೆಯ ಅಳು ಹನ್ನೊಂದನೇ ದಿನದ ಕಾರ್ಯಕ್ಕೇ ನಿಲ್ಲಬೇಕು ಎಂಬುದು ಊರಿನ ಅಲಿಖಿತ ನಿಯಮ.

ಪಟ್ಟಿಯಲ್ಲಿ ಬಾರದ ನಷ್ಟ

ಕಾಡುಪ್ರಾಣಿ ದಾಳಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು ಸರ್ಕಾರ 2022ರ ಕೊನೆಯಲ್ಲಿ 7.5 ಲಕ್ಷದಿಂದ 15 ಲಕ್ಷ ರೂಪಾಯಿಗೆ ಏರಿಸಿತು. ಮುರಿದ ಬಾಳೆ, ಕಾಫಿ, ಅಡಿಕೆ, ತೆಂಗಿಗೂ ದರವಿದೆ. ನಿದ್ದೆಗೆ ದರವಿಲ್ಲ.

ಮನೋವೈದ್ಯ ಸುಶ್ರುತ್ ಜಾಧವ್ ಮತ್ತು ಭೂಗೋಳಶಾಸ್ತ್ರಜ್ಞ ಮಾನ್ ಬರುವಾ ಅಸ್ಸಾಮಿನ ಆನೆಪೀಡಿತ ಹಳ್ಳಿಗಳಲ್ಲಿ ಕುಳಿತು ಇದನ್ನೇ ಕೆದಕಿದರು. 2012ರಲ್ಲಿ ಪ್ರಕಟವಾದ ಅವರ ಅಧ್ಯಯನದ ತಿರುಳು ಇಷ್ಟು: ಸಾವು ಮತ್ತು ಬೆಳೆನಷ್ಟ ಕಣ್ಣಿಗೆ ಕಾಣುವ ಭಾಗ. ಕುಗ್ಗಿದ ಮನಸ್ಸು, ಹೆಚ್ಚಿದ ಕುಡಿತ, ಕಾಗದಪತ್ರಕ್ಕಾಗಿ ಕಚೇರಿ ಅಲೆದು ಸೋತ ವಿಧವೆ ಯಾವ ಲೆಕ್ಕಕ್ಕೂ ಬರುವುದಿಲ್ಲ. ಬಡವರ ಮನೆಯ ಮೇಲೇ ಅದರ ಭಾರ ಹೆಚ್ಚು. ಇಂದು ಸಕಲೇಶಪುರದ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದ ಕಾರ್ಮಿಕರೂ ಇದ್ದಾರೆ. ಊರು ಬಿಟ್ಟು ಇಷ್ಟು ದೂರ ಬಂದರೂ ಆನೆ ತಪ್ಪಿಲ್ಲ. ಜತೆಗೆ ಭಾಷೆಯೂ ಬಾರದು.

ಇಲ್ಲಿನ ಮನೆಯೊಂದರ ರಾತ್ರಿಯನ್ನೇ ನೋಡಿ. ಗದ್ದೆ ಕಾಯಲು ಗಂಡಸು ಅಟ್ಟಣೆ ಏರಿ ತಿಂಗಳಾನುಗಟ್ಟಲೆ ನಿದ್ದೆ ಕೆಡುತ್ತಾನೆ. ಚಳಿಗೆ, ಧೈರ್ಯಕ್ಕೆ ಅಂತ ಒಂದು ಕ್ವಾರ್ಟರ್ ಜೇಬಿಗಿಳಿಯುತ್ತದೆ. ಒಳಗೆ ಹೆಂಡತಿ ನಾಯಿ ಬೊಗಳಿದಾಗಲೆಲ್ಲ ಎದ್ದು ಕೂರುತ್ತಾಳೆ. ಕತ್ತಲಾದ ಮೇಲೆ ಶೌಚಕ್ಕೆ ಹೊರಗೆ ಹೋಗಬೇಕಾದೀತೆಂದು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾಳೆ. ಮಗ ಟ್ಯೂಷನ್ ಬಿಟ್ಟಿದ್ದಾನೆ. ಇವರಲ್ಲಿ ಯಾರನ್ನೂ ಆನೆ ಮುಟ್ಟಿಲ್ಲ. ಸರ್ಕಾರದ ಕಡತದಲ್ಲಿ ಈ ಮನೆಗೆ ಆದ ನಷ್ಟ ಶೂನ್ಯ.

ಆನೆಯೊಂದೇ ಅಲ್ಲ. ಮಳೆಗಾಲದಲ್ಲಿ ಶಿರಾಡಿ ಘಾಟಿಯ ಮಣ್ಣು ಜಾರುತ್ತದೆ. 2018ರ ಆಗಸ್ಟಿನಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೈಲುಹಾದಿಯೇ ಹೂತುಹೋಗಿತ್ತು. ಅಕಾಲ ಮಳೆಗೆ ಕಣದಲ್ಲಿ ಹರಡಿದ ಕಾಫಿ ಕೊಳೆಯುತ್ತದೆ. ಸಾಲದ ಕಂತು ಕಾಯುವುದಿಲ್ಲ.

> ಎರಡೇ ಪ್ರಶ್ನೆ
>
> ಖಿನ್ನತೆಯ ಮೊದಲ ತಪಾಸಣೆಗೆ ಯಂತ್ರ ಬೇಡ, ಎರಡು ಪ್ರಶ್ನೆ ಸಾಕು. ಜಗತ್ತಿನಾದ್ಯಂತ ಆರೋಗ್ಯ ಕಾರ್ಯಕರ್ತರು ಕೇಳುವ ಪ್ರಶ್ನೆಗಳಿವು:
>
> 1. ಕಳೆದ ಎರಡು ವಾರಗಳಲ್ಲಿ, ಮೊದಲು ಇಷ್ಟವಿದ್ದ ಕೆಲಸದಲ್ಲಿ ಆಸಕ್ತಿಯೇ ಇಲ್ಲದಂತಾಗಿದೆಯೇ?
> 2. ಕಳೆದ ಎರಡು ವಾರಗಳಲ್ಲಿ, ಮನಸ್ಸು ಕುಗ್ಗಿದೆ, ಯಾವ ಆಸೆಯೂ ಇಲ್ಲ ಅನ್ನಿಸಿದೆಯೇ?
>
> ಹೆಚ್ಚಿನ ದಿನ ಹೀಗೇ ಅನ್ನಿಸುತ್ತದೆ ಎಂಬುದು ಉತ್ತರವಾದರೆ ಅದು ರೋಗವೆಂಬ ತೀರ್ಪಲ್ಲ. ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕೆಂಬ ಸೂಚನೆ.

ಬಳ್ಳಾರಿ ತೋರಿಸಿದ ದಾರಿ

ಮನೋವೈದ್ಯರು ಹಳ್ಳಿಗೆ ಬರುವುದಿಲ್ಲ, ಬರುವಷ್ಟು ಜನರೂ ಇಲ್ಲ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇತ್ತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯ ಹತ್ತಿರವೂ ಸುಳಿದಿರಲಿಲ್ಲ.

ಇದಕ್ಕೆ ಉತ್ತರ ಹುಡುಕಿದ್ದು ಕರ್ನಾಟಕವೇ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟಿತು. ಯಾರಿಗೆ ಯಾವ ಔಷಧಿ, ಯಾರನ್ನು ಜಿಲ್ಲಾಸ್ಪತ್ರೆಗೆ ಕಳಿಸಬೇಕು, ಮನೆಯವರಿಗೆ ಏನು ಹೇಳಬೇಕು ಎಂಬುದನ್ನೆಲ್ಲ ಕಲಿಸಿತು. ಆ 'ಬಳ್ಳಾರಿ ಮಾದರಿ'ಯೇ 1996ರಲ್ಲಿ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಸಕಲೇಶಪುರದಂಥದೇ ಮಲೆನಾಡಾದ ತೀರ್ಥಹಳ್ಳಿಯಲ್ಲಿ 2005ರಿಂದ ನಿಮ್ಹಾನ್ಸ್ ತಂಡ ತೀವ್ರ ಮಾನಸಿಕ ಕಾಯಿಲೆಯವರನ್ನು ಊರಿನಲ್ಲೇ ಗುರುತಿಸಿ ಚಿಕಿತ್ಸೆಗೆ ತಂದಿತು. ಗುಡ್ಡಗಾಡಿನಲ್ಲಿ ಇದೆಲ್ಲ ಆಗದ ಮಾತು ಎನ್ನುವವರಿಗೆ ಆ ತಾಲ್ಲೂಕೇ ಉತ್ತರ.

ಗೋವಾದಲ್ಲಿ 'ಸಂಗಾತ್' ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಯಾವ ವೈದ್ಯಕೀಯ ಪದವಿಯೂ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು ಆಪ್ತ ಸಲಹೆಗೆ ಕೂರಿಸಿತು. ಖಿನ್ನತೆಗೆ ಆರರಿಂದ ಎಂಟು ಭೇಟಿ, ಕುಡಿತಕ್ಕೆ ನಾಲ್ಕರವರೆಗೆ. ಎರಡೂ ಫಲ ಕೊಟ್ಟವೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಆಫ್ರಿಕದ ಜಿಂಬಾಬ್ವೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಲ್ಲಿ ಅಜ್ಜಿಯರಿಗೇ ತರಬೇತಿ ಕೊಟ್ಟು, ಆಸ್ಪತ್ರೆ ಆವರಣದ ಮರದ ಬೆಂಚಿನ ಮೇಲೆ ಕೂರಿಸಿದರು. ದುಃಖ ಹೊತ್ತು ಬಂದವರು ಅಜ್ಜಿಯ ಪಕ್ಕ ಕೂತು ಮಾತಾಡುತ್ತಾರೆ. ಅದೂ ಕೆಲಸ ಮಾಡಿತೆಂದು 2016ರ ಅಧ್ಯಯನ ಹೇಳಿತು.

ಈ ಎಲ್ಲ ಕಡೆ ನಡೆದದ್ದು ಒಂದೇ: ದೂರದ ತಜ್ಞರಿಗಾಗಿ ಕಾಯದೆ ಹತ್ತಿರದವರಿಗೆ ಕಲಿಸಿದರು.

ಇಲ್ಲಿ ಏನೇನಿದೆ?

ಏನೂ ಇಲ್ಲ ಎನ್ನುವಂತಿಲ್ಲ. 'ಮನೋಚೈತನ್ಯ' ಯೋಜನೆಯಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ವ್ಯವಸ್ಥೆ ರಾಜ್ಯದಲ್ಲಿದೆ. ಸಕಲೇಶಪುರದವರಿಗೆ ಅಂದರೆ ಕ್ರಾಫರ್ಡ್ ಆಸ್ಪತ್ರೆ. ಹಾಸನದ ವೈದ್ಯಕೀಯ ಕಾಲೇಜು 'ಹಿಮ್ಸ್' ಇದೆ. ಉಪಕೇಂದ್ರಗಳು ಆಯುಷ್ಮಾನ್ ಆರೋಗ್ಯ ಮಂದಿರಗಳಾದ ಮೇಲೆ ಅಲ್ಲಿನ ಸೇವಾಪಟ್ಟಿಗೆ ಮಾನಸಿಕ ಆರೋಗ್ಯವೂ ಸೇರಿದೆ. ಸಮುದಾಯ ಆರೋಗ್ಯ ಅಧಿಕಾರಿ ಅಲ್ಲೇ ಮೊದಲ ತಪಾಸಣೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಮಾತಾಡಬಹುದು, ಅಸ್ಸಾಮಿಯಲ್ಲೂ.

ತೊಡಕಿರುವುದು ನಡುವಿನ ದಾರಿಯಲ್ಲಿ. ಹೆತ್ತೂರಿನಿಂದ ಸಕಲೇಶಪುರಕ್ಕೆ ಬಂದು, ಸರದಿಯಲ್ಲಿ ನಿಂತು, ಮಾತ್ರೆ ಪಡೆದು ಕತ್ತಲಾಗುವ ಮೊದಲು ಊರು ಸೇರಬೇಕೆಂದರೆ ಒಂದು ದಿನದ ಕೂಲಿ ಹೋಯಿತು. ಬಸ್ಸಿಳಿದು ತೋಟದ ದಾರಿಯಲ್ಲಿ ನಡೆಯಲು ಮತ್ತೆ ಅದೇ ಆನೆಯ ಭಯ. ಇದರ ಮೇಲೆ, "ತಲೆ ಡಾಕ್ಟ್ರ ಹತ್ರ ಹೋಗಿದ್ರಂತೆ" ಎಂಬ ಊರಿನ ಬಾಯಿ.

ಹಾಗಾಗಿ ಜನ ಮೈನೋವು, ತಲೆಸುತ್ತು, ಗ್ಯಾಸ್ಟ್ರಿಕ್ ಎಂದು ಹೇಳಿ ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತಾರೆ. ಹೇಳಬೇಕಾದ ಮಾತು ಹೊಟ್ಟೆಯಲ್ಲೇ ಉಳಿಯುತ್ತದೆ.

ಎಂಟು ದಿನ, ಆಮೇಲೆ?

ಈ ಸೀಮೆಯಲ್ಲಿ ಕುಟುಂಬದ ನೆಮ್ಮದಿಯ ಮಾತೆತ್ತಿದರೆ ಕುಡಿತದ ಮಾತು ಬಂದೇ ಬರುತ್ತದೆ. ಇಲ್ಲಿ ಒಂದು ದೊಡ್ಡ ಸಾಮುದಾಯಿಕ ಪ್ರಯತ್ನ ಕಣ್ಣೆದುರೇ ಇದೆ: ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು. ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ ಎಂಟು ದಿನದ ವಾಸ್ತವ್ಯ. ಯೋಗ, ಭಜನೆ, ಸಲಹೆ, ವೈದ್ಯರ ತಪಾಸಣೆ. ಮನೆಯವರನ್ನೂ ಕರೆಸಿ ಕೂರಿಸುತ್ತಾರೆ. ಶಿಬಿರ ಮುಗಿದವರಿಗೆ 'ನವಜೀವನ ಸಮಿತಿ'ಯ ಸಭೆಗಳು.

ಇದರ ಬಲ ಇರುವುದು ಆ ಕೊನೆಯ ಭಾಗದಲ್ಲಿ. ಎಂಟು ದಿನ ಬಿಡುವುದು ಸುಲಭ, ಒಂಬತ್ತನೆಯ ದಿನ ಅದೇ ಅಟ್ಟಣೆ, ಅದೇ ಚಳಿ, ಅದೇ ಗೆಳೆಯರು. ವಾರ ವಾರ ಕೇಳುವವರಿದ್ದರೆ ಮಾತ್ರ ಬಿಟ್ಟದ್ದು ಬಿಟ್ಟಂತೆ ಉಳಿಯುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಕೈನಡುಕ, ಬೆವರು, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೂ ಅಪಾಯ. ಆಣೆ ಹಾಕಿಸಿ ಕೋಣೆಯಲ್ಲಿ ಕೂಡಿಹಾಕುವುದು ಚಿಕಿತ್ಸೆಯಲ್ಲ. ವೈದ್ಯರಿಗೆ ತಿಳಿಸಿಯೇ ಬಿಡಿಸಬೇಕು.

ತರಬೇತಿ ಯಾರಿಗೆ, ಏನು?

ಆನೆಯ ವಿಷಯದಲ್ಲಿ ಈ ಸೀಮೆ ಆಗಲೇ ಒಂದು ಪಾಠ ಕಲಿತಿದೆ. ತಮಿಳುನಾಡಿನ ವಾಲ್ಪಾರೈನಲ್ಲಿ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಎಸ್ಎಂಎಸ್, ಕೆಂಪು ದೀಪ, ಟಿವಿ ಸಂದೇಶಗಳ ಮೂಲಕ ಮುನ್ನೆಚ್ಚರಿಕೆ ಕೊಟ್ಟು ಸಾವು ತಗ್ಗಿಸಿತು. ಅದೇ ಮಾದರಿ ಹಾಸನಕ್ಕೂ ಬಂತು. ಆನೆಗೆ ರೇಡಿಯೊ ಕಾಲರ್, ರಸ್ತೆಗೆ ಎಲ್ಇಡಿ ಫಲಕ, ಅರಣ್ಯ ಇಲಾಖೆಯ ಕಾರ್ಯಪಡೆಯವರು ಹೆಜ್ಜೆ ಹಿಡಿದು ಕೊಡುವ ಸುದ್ದಿ, ಊರೂರಿನ ವಾಟ್ಸ್ಆ್ಯಪ್ ಗುಂಪು. ಯಾರೋ ಒಬ್ಬರು ನೋಡುತ್ತಾರೆ, ತಕ್ಷಣ ತಿಳಿಸುತ್ತಾರೆ, ಉಳಿದವರು ನಂಬುತ್ತಾರೆ.

ಮನಸ್ಸಿಗೂ ಬೇಕಾದದ್ದು ಅಂಥದೇ ಜಾಲ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದು ಮೂರೇ ಕೆಲಸ: ನೋಡಿ, ಕೇಳಿ, ಜೋಡಿಸಿ. ತಜ್ಞತೆ ಬೇಡ; ಕೆಲವು ದಿನಗಳ ತರಬೇತಿ, ಆಮೇಲೆ ಕೈಹಿಡಿದು ನಡೆಸುವ ಒಬ್ಬ ಮೇಲ್ವಿಚಾರಕರು ಸಾಕು.

ಯಾರಿಗೆ ಕಲಿಸಬೇಕು? ಆಶಾ, ಅಂಗನವಾಡಿ ಕಾರ್ಯಕರ್ತೆಗೆ ಮಾತ್ರವೇ ಎಲ್ಲವನ್ನೂ ಹೊರಿಸುವುದು ಸರ್ಕಾರಿ ಚಾಳಿ. ಇಲ್ಲಿ ಪಟ್ಟಿ ಬೇರೆಯೇ ಆಗಬೇಕು: ದಿನ ಬೆಳಗಾದರೆ ಹಾಜರಿ ಹಾಕುವ ತೋಟದ ರೈಟರು, ಪಿಕಪ್ ಚಾಲಕ, ಪ್ರೌಢಶಾಲೆ ಮೇಷ್ಟ್ರು, ಸ್ವಸಹಾಯ ಸಂಘದ ಪ್ರತಿನಿಧಿ, ಅರಣ್ಯ ವೀಕ್ಷಕ. ನಾಲ್ಕು ದಿನದಿಂದ ಯಾರು ಕೆಲಸಕ್ಕೆ ಬಂದಿಲ್ಲ, ಯಾವ ಹುಡುಗಿ ತರಗತಿಯಲ್ಲಿ ಬಾಯಿ ಬಿಡುತ್ತಿಲ್ಲ ಎಂಬುದು ಮೊದಲು ಗೊತ್ತಾಗುವುದು ಇವರಿಗೆ. ಅರಣ್ಯ ವೀಕ್ಷಕರಿಗಂತೂ ತರಬೇತಿ ಜತೆ ಆಸರೆಯೂ ಬೇಕು. ಆನೆಯ ಮುಂದೆ ನಿಲ್ಲುವವರೂ ಅವರೇ, ಶವದ ಪಕ್ಕ ರಸ್ತೆತಡೆ ನಡೆದಾಗ ಬೈಗುಳ ತಿನ್ನುವವರೂ ಅವರೇ.

> ಸಾವಿನ ಮನೆಗೆ ಹೋದಾಗ
>
> ಹೇಳಬೇಡಿ: "ಅಳಬೇಡ, ಗಟ್ಟಿ ಮನಸ್ಸು ಮಾಡ್ಕೊ." "ಹಣೆಬರಹ, ಏನ್ ಮಾಡಕ್ಕಾಗುತ್ತೆ." "ಆ ದಾರೀಲಿ ಯಾಕೆ ಹೋದ?" "ಪರಿಹಾರ ಬರುತ್ತಲ್ಲ."
>
> ಮಾಡಿ: ಪಕ್ಕದಲ್ಲಿ ಕೂತುಕೊಳ್ಳಿ. ಅವರು ಮಾತಾಡಿದರೆ ಕೇಳಿ, ಆಡದಿದ್ದರೆ ಕೆದಕಬೇಡಿ. ಘಟನೆಯ ವಿವರ ಮತ್ತೆ ಮತ್ತೆ ಹೇಳಿಸಬೇಡಿ, ಮೊಬೈಲ್ ಹಿಡಿಯಬೇಡಿ. ಮಕ್ಕಳಿಗೆ ಸುಳ್ಳು ಹೇಳದೆ, ಅವರ ವಯಸ್ಸಿಗೆ ತಕ್ಕ ಸತ್ಯ ಹೇಳಿ. ಪರಿಹಾರದ ಅರ್ಜಿ, ಆಧಾರ್, ಬ್ಯಾಂಕ್ ಕೆಲಸಕ್ಕೆ ಒಬ್ಬರು ಜತೆಗೆ ಹೋಗಿ.
>
> ಒಂದು ತಿಂಗಳ ಮೇಲೆ ಮತ್ತೆ ಹೋಗಿ. ಜನ ಬರುವುದು ನಿಂತ ಮೇಲೆಯೇ ಆಸರೆ ಹೆಚ್ಚು ಬೇಕು. ಸಾಯುವ ಮಾತು ಆಡುವವರಿದ್ದರೆ ಒಬ್ಬರನ್ನೇ ಬಿಡಬೇಡಿ; ಮನೆಯಲ್ಲಿರುವ ಕೀಟನಾಶಕ, ಕಳೆನಾಶಕವನ್ನು ಬೀಗದೊಳಗಿಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಈ ಕೊನೆಯ ಮಾತನ್ನು ಹಗುರ ಮಾಡಬೇಡಿ. ಶ್ರೀಲಂಕಾ ಅತಿವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಅಲ್ಲಿನ ಆತ್ಮಹತ್ಯೆ ಪ್ರಮಾಣ ಶೇ 70ಕ್ಕೂ ಹೆಚ್ಚು ಇಳಿಯಿತು. ಕೈಗೆ ಸಿಗದಂತೆ ಮಾಡಿದರೆ ಆ ಗಳಿಗೆ ದಾಟುತ್ತದೆ, ಜೀವ ಉಳಿಯುತ್ತದೆ. ನಮ್ಮ ಕಾನೂನೂ ಈಗ ಆ ಕಡೆಗಿದೆ: 2017ರ ಮಾನಸಿಕ ಆರೋಗ್ಯ ಕಾಯ್ದೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಅವರಿಗೆ ಆರೈಕೆ ಕೊಡಬೇಕು ಎನ್ನುತ್ತದೆ. ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ಒಯ್ಯದಿರುವ ಕಾಲ ಹೋಯಿತು.

ಧೈರ್ಯ ಹೇಳಿ ಕೈತೊಳೆಯುವಂತಿಲ್ಲ

ಮನೋಸ್ಥೈರ್ಯದ ತರಬೇತಿ ಎಂದರೆ ಇಲ್ಲಿನ ರೈತರಿಗೆ ಅನುಮಾನ ಬರುವುದು ಸಹಜ. "ಆನೆ ಓಡಿಸಿ ಅಂದ್ರೆ ಧ್ಯಾನ ಹೇಳ್ಕೊಡ್ತಾರೆ" ಎಂದಾರು. ಆ ಅನುಮಾನದಲ್ಲಿ ನ್ಯಾಯವಿದೆ. ರೈಲುಕಂಬಿ ಬೇಲಿ, ಆನೆ ಕಾರಿಡಾರ್, ಲೈನ್ ಮನೆಗೆ ಶೌಚಾಲಯ, ಬೀದಿದೀಪ, ಹೊತ್ತಿಗೆ ಸರಿಯಾದ ಬಸ್ಸು, ತಡವಿಲ್ಲದ ಪರಿಹಾರ ಇವೂ ಮಾನಸಿಕ ಆರೋಗ್ಯದ ಕೆಲಸಗಳೇ. ಮನೆಯ ಒಳಗೇ ಶೌಚಾಲಯವಿದ್ದರೆ ಆ ಹೆಂಗಸು ಸಂಜೆ ನೀರು ಕುಡಿದಾಳು. ಯಾವ ಸಲಹೆಗಾರರೂ ಅದಕ್ಕೆ ಬದಲಿಯಲ್ಲ.

ಹಾಗೆಂದು ಆನೆಯ ಸಮಸ್ಯೆ ಬಗೆಹರಿಯುವ ತನಕ ಮನಸ್ಸು ಕಾಯಲಿ ಎನ್ನುವಂತೆಯೂ ಇಲ್ಲ. ಹೇಮಾವತಿ ಅಣೆಕಟ್ಟು ಮುಗಿದು ನಾಲ್ಕು ದಶಕ ದಾಟಿತು. ಇನ್ನೆಷ್ಟು ಕಾಯುವುದು?

ಒಳ್ಳೆಯ ಬುನಾದಿಯಂತೂ ಇದೆ. ಇಲ್ಲಿನ ಹಳ್ಳಿಗಳು ಇನ್ನೂ ಒಟ್ಟಾಗಿ ಸುಗ್ಗಿ ಹಬ್ಬ ಮಾಡುತ್ತವೆ, ನಗರ ಸೇರಿದ ಮಕ್ಕಳೂ ಅದಕ್ಕೆ ತಪ್ಪದೆ ಬರುತ್ತಾರೆ. ಹೊಸಕೋಟೆ ಕೆಂಚಮ್ಮನ ಮುಂದೆ ಕಷ್ಟ ಹೇಳಿಕೊಂಡು ಹಗುರಾಗುವವರಿದ್ದಾರೆ. ದೇವರಿಗೆ ಹೇಳಿಕೊಂಡದ್ದನ್ನು ಆಶಾ ಕಾರ್ಯಕರ್ತೆಗೂ ಹೇಳಿಕೊಳ್ಳಬಹುದು. ಒಂದು ಮಾಡಿದರೆ ಇನ್ನೊಂದು ಕೆಡುವುದಿಲ್ಲ.

> ಬರೆದಿಟ್ಟುಕೊಳ್ಳಿ
>
> - 14416: ಟೆಲಿ ಮಾನಸ್, 24 ಗಂಟೆ, ಉಚಿತ
> - 181: ಮಹಿಳಾ ಸಹಾಯವಾಣಿ
> - 1098: ಮಕ್ಕಳ ಸಹಾಯವಾಣಿ
> - 14567: ಹಿರಿಯರ ಸಹಾಯವಾಣಿ
> - 112: ತುರ್ತು ಸಂದರ್ಭಕ್ಕೆ

ಪ್ರತಿ ಊರಿಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಇದೆ. ವರ್ಷಕ್ಕೆ 10,000 ರೂಪಾಯಿವರೆಗೆ ಅದಕ್ಕೆ ಮುಕ್ತನಿಧಿಯ ಅವಕಾಶವೂ ಇದೆ. ದೊಡ್ಡ ಮೊತ್ತವಲ್ಲ, ಆದರೆ ಹತ್ತು ಜನರನ್ನು ಎರಡು ದಿನ ಕೂರಿಸಿ ಕಲಿಸಲು ಅದು ಸಾಕು. ಕಲಿಸಲು ಜಿಲ್ಲಾ ಮಾನಸಿಕ ಆರೋಗ್ಯ ತಂಡವಿದೆ. ಆದ್ದರಿಂದ ಮುಂದಿನ ಗ್ರಾಮಸಭೆಯಲ್ಲಿ ಆನೆ, ರಸ್ತೆ, ನೀರಿನ ಜತೆಗೆ ಈ ಮೂರನ್ನೂ ಕೇಳಿ ಬರೆಸಿ: ನಮ್ಮ ಪಂಚಾಯಿತಿಯ ಹತ್ತು ಜನಕ್ಕೆ ತರಬೇತಿ, ಮನೋವೈದ್ಯರು ಬರುವ ದಿನದ ಮುಂಗಡ ಸುದ್ದಿ, ಆನೆ ದಾಳಿಯಾದ ಪ್ರತಿ ಮನೆಗೆ ಪರಿಹಾರದ ಚೆಕ್ಕಿನೊಂದಿಗೆ ಒಬ್ಬ ಆಪ್ತ ಸಲಹೆಗಾರರ ಭೇಟಿ. ಕಾಫಿ ಹಣ್ಣಾಗುವ ಮೊದಲೇ ಕೇಳಿ.